ಐದನೇ ನಂಬರಿನ ಅಂಗಿ

ಹದಿನೈದು ದಿನದ ಹಿಂದೆ ನಾನು ಒಬ್ಬ ಮನುಷ್ಯನನ್ನು ಅವನ ಜಾಗದಿಂದ ಎಬ್ಬಿಸಿದೆ. ಒಂದೇ ವಾಕ್ಯದಲ್ಲಿ. ಅರ್ಧ ಕಪ್ ಚಹಾ ಮುಗಿಯುವಷ್ಟರಲ್ಲಿ.

ಯಾವ ಜಾಗ ಅಂದಿರಾ? ನಮ್ಮ ವಾಲಿಬಾಲ್ ಟೀಮಿನ ಲಿಫ್ಟರ್ ಜಾಗ. (ನಗಬೇಡಿ. ಗೋಕಾಕದಲ್ಲಿ ಇದಕ್ಕಿಂತ ಚಿಕ್ಕ ಜಾಗಗಳಿಗಾಗಿ ಕೋರ್ಟಿಗೆ ಹೋದವರಿದ್ದಾರೆ.)

ವಾಲಿಬಾಲ್ ನೋಡದವರಿಗೆ ಎರಡು ಮಾತು. ಎದುರಿನಿಂದ ಬಂದ ಚೆಂಡನ್ನು ಒಬ್ಬ ಎತ್ತಿಕೊಡುತ್ತಾನೆ. ಲಿಫ್ಟರ್ ಅದನ್ನು ನೆಟ್ಟಿನ ಮೇಲೆ ಹದವಾಗಿ ತೇಲಿಬಿಡುತ್ತಾನೆ. ಮೂರನೆಯವನು ಹಾರಿ ಹೊಡೆಯುತ್ತಾನೆ. ಚಪ್ಪಾಳೆ ಮೂರನೆಯವನಿಗೆ. ಬೈಗುಳ ಲಿಫ್ಟರಿಗೆ. ಇಡೀ ಆಟ ಅವನ ಹತ್ತು ಬೆರಳ ಮೇಲೆ ನಡೆಯುತ್ತದೆ, ಆದರೆ ಫೋಟೋದಲ್ಲಿ ಅವನಿರುವುದು ಕಡಿಮೆ.

ಹುಕ್ಕೇರಿಯಲ್ಲಿ ಟೂರ್ನಮೆಂಟ್ ಬಂದಿತ್ತು. ನಮ್ಮ ಟೀಮಿನಲ್ಲಿ ಇಬ್ಬರು ಲಿಫ್ಟರುಗಳು. ಒಬ್ಬ ಮಹಾದೇವ. ಗೋಕಾಕ ಫಾಲ್ಸಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು, ನಲವತ್ತರ ಹತ್ತಿರ ಬಂದವನು, ಹದಿನಾರು ವರ್ಷದಿಂದ ಆ ಜಾಗ ಬಿಡದವನು. ಇನ್ನೊಬ್ಬ ಸಮೀರ. ಘಟಪ್ರಭಾದ ಹುಡುಗ, ಇಪ್ಪತ್ತೆರಡು ವಯಸ್ಸು, ತೆಂಗಿನ ಗಿಡದ ಎತ್ತರ. ಹುಕ್ಕೇರಿಯಲ್ಲಿ ಮೊದಲ ಆರರಲ್ಲಿ ಯಾರು ಇಳಿಯಬೇಕು?

ಇದನ್ನು ಟೀಮು ನಿರ್ಧರಿಸುತ್ತದೆ ಎಂದು ನೀವು ತಿಳಿದಿದ್ದರೆ ನಿಮಗೆ ನಮ್ಮ ಊರು ಗೊತ್ತಿಲ್ಲ. ಕೋರ್ಟಿನ ಎದುರಿನ ಈರಣ್ಣನ ಚಹಾದಂಗಡಿ ನಿರ್ಧರಿಸುತ್ತದೆ. ಟೀಮಿನ ಮ್ಯಾನೇಜರ್ ರಾಜು ಅಲ್ಲೇ ಚಹಾ ಕುಡಿಯುತ್ತಾನೆ. ಮೊಬೈಲ್ ಅಂಗಡಿಯವನು, ಗಾಳಿ ಬಂದ ಕಡೆ ಛತ್ರಿ ತಿರುಗಿಸುವ ಜಾಣ.

ಮಹಾದೇವನ ಪರ ವಕಾಲತ್ತು ಮಾರುತಿ ಕಾಕಾ ಅವರದು. ಕಾಕಾ ನೂಲಿನ ಮಿಲ್ಲಿನಿಂದ ನಿವೃತ್ತರಾದವರು. ಫಾಲ್ಸಿನಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಗೋಕಾಕಕ್ಕೆ ಬರುತ್ತಾರೆ, ವಾದ ಮಾಡಲಿಕ್ಕೆ. ಮಹಾದೇವನಿಗೆ ಚೆಂಡು ಹಿಡಿಯಲು ಕಲಿಸಿದವರು ಅವರೇ.

"ಅವನ ಕಿರಿಬಟ್ಟ ಮುರದಾಗ ಪಟ್ಟಿ ಕಟ್ಟಿದಾಂವ ನಾ," ಎಂದರು ಕಾಕಾ ಅವತ್ತು, ತಮ್ಮ ಕಿರುಬೆರಳು ಎತ್ತಿ ತೋರಿಸುತ್ತ. "ಸೊಟ್ಟನ ಕೂಡ್ತು. ಮರದಿವ್ಸ ಮತ್ತ ಗ್ರೌಂಡಿಗೆ ಬಂದ. ಇವನೌನ, ನಿಮ್ಮ ಸಮೀರಗ ನೆಗಡಿ ಬಂದ್ರ ನಾಲ್ಕ ದಿನಾ ಕಾಣಂಗಿಲ್ಲ."

"ಕಾಕಾ, ಮಹಾದೇವನ ಮೊಣಕಾಲ ಸಪ್ಪಳಾ ಹುಕ್ಕೇರಿ ತನಾ ಕೇಳತೈತಿ," ಎಂದ ಈರಣ್ಣ.

"ಲಿಫ್ಟರ್ ಮೊಣಕಾಲಿಲೆ ಆಡ್ತಾನೇನಲೇ? ತಲಿಲೆ ಆಡ್ತಾನ. ಅದ ನಿನಗ ಹೆಂಗ ತಿಳೀಬೇಕು, ಚಾಕ್ಕ ಸಕ್ಕರಿ ಹಾಕೂದ ನೆನಪ ಇರಂಗಿಲ್ಲ ನಿನಗ."

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಗ ರಾಜು ಮೆಲ್ಲಗೆ ಒಂದು ಮಾತು ಬಿಟ್ಟ. "ಮೂಡಲಗಿ ಫೈನಲ್ ಮರತ್ರೇನ್ರಿ ಕಾಕಾ? ನಾ ಏನೂ ಅನ್ನಂಗಿಲ್ಲ. ಮಂದಿ ಅಂತಾರ."

ಅಂಗಡಿ ಚುರುಕಾಯಿತು. ಮೂರು ವರ್ಷದ ಹಿಂದೆ ಮೂಡಲಗಿಯಲ್ಲಿ, ಅಲ್ಲಿಯ ಟೀಮಿನ ಎದುರೇ, ಫೈನಲ್ ಸೋತಿದ್ದೆವು. ಐದನೇ ಸೆಟ್, ಹದಿಮೂರು-ಹದಿನಾಲ್ಕು. ಲಿಫ್ಟರ್ ಚೆಂಡನ್ನು ತೇಲಿಬಿಡುವ ಬದಲು ತಾನೇ ಆಚೆ ದಾಟಿಸಲು ಹೋಗಿ ನೆಟ್ಟಿಗೆ ಹೊಡೆದ. ಅಲ್ಲಿಗೆ ಮುಗಿಯಿತು. ಅದೇ ದಿನ ಬೆಳಿಗ್ಗೆ ಮಹಾದೇವ ಮೂಡಲಗಿ ಟೀಮಿನ ಕ್ಯಾಪ್ಟನ್ ಮನೆಯಲ್ಲಿ ಚಹಾ ಕುಡಿದಿದ್ದನಂತೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನಾಗುತ್ತದೆ? ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಎಲ್ಲರೂ ಮೀಸೆ ಸವರಿಕೊಂಡರು.

ಕಾಕಾ ಆ ಫೈನಲಿಗೆ ಹೋಗಿರಲಿಲ್ಲ. ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಅವರು ಸೀದಾ ನನ್ನ ಕಡೆ ತಿರುಗಿದರು.

"ಸರ್, ನೀವು ಹೋಗಿದ್ರಿ. ಕಲ್ತಾವ್ರ ಅದೀರಿ. ನೀವ ಹೇಳ್ರಿ. ಆ ಚೆಂಡ ನೆಟ್ಟಿಗೆ ಹೊಡದಾಂವ ಮಹಾದೇವ ಹೌದೋ ಅಲ್ಲೋ?"

ನಾನು ಹೋಗಿದ್ದು ನಿಜ. ನೋಡಿದ್ದೂ ನಿಜ. ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪಶ್ಚಿಮದ ಬಿಸಿಲು ನೇರ ಮುಖಕ್ಕೆ. ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣ. ಪಕ್ಕದಲ್ಲಿ ಯಾರೋ ಒಬ್ಬ ಬರಿಮೈಗೆ ಟವೆಲ್ ಹೊದ್ದು ಕೂತಿದ್ದ. ಆಟ ನೋಡುತ್ತಲೇ ಅವನಿಗೂ ಒಂದು ಮುಷ್ಟಿ ಕೊಟ್ಟೆ. ಎರಡು ಮೂರು ಕಾಳು ಅವನ ಬೆರಳ ಸಂದಿಯಿಂದ ಕೆಳಗೆ ಬಿದ್ದವು. ಅಷ್ಟರಲ್ಲಿ ಆ ಚೆಂಡು. ಕೆಂಪು ಅಂಗಿ, ಬೆನ್ನ ಮೇಲೆ ಬಿಳಿ ಐದು. ಐದು ಅಂದರೆ ಲಿಫ್ಟರ್. ಲಿಫ್ಟರ್ ಅಂದರೆ ಮಹಾದೇವ.

"ಹೌದು ಕಾಕಾ," ಎಂದೆ. "ಐದನೇ ನಂಬರು. ನಾನೇ ಕಣ್ಣಾರೆ ನೋಡಿದ್ದೇನೆ."

ಇಷ್ಟೇ. ಬೇಕಂತಲೇ ಸೋತ ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಾಕಾ ಈರಣ್ಣನಿಗೆ ಚಹಾದ ದುಡ್ಡು ಎಣಿಸಿ ಕೊಟ್ಟರು. ಆಮೇಲೆ, "ಸರ್ ಅಂದ್ರು ಅಂದಮ್ಯಾಲ ಮುಗೀತು. ಸಮೀರನ್ನ ಇಳಸ್ರಿ," ಎಂದು ಎದ್ದು ಬಸ್ಸಿಗೆ ಹೋದರು. ರಾಜು ಮಾತ್ರ ಖಾಲಿ ಕಪ್ಪಿನಲ್ಲಿ ಏನನ್ನೋ ಹುಡುಕುತ್ತಿದ್ದ. ಹೌದು ಎನ್ನಲಿಲ್ಲ. ಅಲ್ಲ ಎನ್ನಲಿಲ್ಲ.

ಆ ಮೌನ ನನಗೆ ಹಿಡಿಸಲಿಲ್ಲ. ಅವನೂ ಅವತ್ತು ಮೂಡಲಗಿಯಲ್ಲಿದ್ದ. ಆಗ ಅವನು ಮ್ಯಾನೇಜರ್ ಅಲ್ಲ, ಹೆಚ್ಚುವರಿ ಆಟಗಾರ. ಮತ್ತೆ ಸಾಕ್ಷಿ ನನ್ನಿಂದ ಯಾಕೆ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತಲೇ ಕೇಳಿದಳು, "ಮುಖಾ ನೋಡಿದ್ರೇನು?"

"ಬೆನ್ನ ಮೇಲೆ ಐದು ಅಂತ ಇತ್ತಲ್ಲ."

"ನಾ ಮುಖಾ ಕೇಳಾಕತ್ತೇನಿ. ಗ್ಯಾಸ್ ಬುಕ್ ಮಾಡೀನಿ ಅಂತ ನಿನ್ನೆ ಆಣಿ ಮಾಡಿ ಹೇಳಿದ್ರಿ. ಮಾಡೀರೇನು?"

ಮಾಡಿರಲಿಲ್ಲ. ಆದರೆ ಫೋನ್ ಕೈಯಲ್ಲಿ ಹಿಡಿದದ್ದು, ಒತ್ತಿದ್ದು, ಎಲ್ಲ ಸ್ಪಷ್ಟವಾಗಿ ನೆನಪಿತ್ತು! ಎಂದೂ ನಡೆಯದ ಸಂಗತಿ ಇಷ್ಟು ಚೆನ್ನಾಗಿ ಹೇಗೆ ನೆನಪಿರುತ್ತದೆ?

ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವನು. ಎರಡು ವರ್ಷ ನಮಗೆ ಕಲಿಸಿದ್ದು ಒಂದೇ ವಿದ್ಯೆ: ಯಾರನ್ನೂ ನಂಬಬೇಡ. ಶಾಸನ ಬರೆಸಿದವನನ್ನು ನಂಬಬೇಡ, ಕೆತ್ತಿದವನನ್ನು ನಂಬಬೇಡ, ಕಣ್ಣಾರೆ ಕಂಡೆ ಎನ್ನುವವನನ್ನಂತೂ ಬಾಗಿಲೊಳಗೆ ಬಿಡಬೇಡ. ಆ ವಿದ್ಯೆಯನ್ನು ನಾನು ಮೂವತ್ತು ವರ್ಷ ಊರಿನ ಎಲ್ಲರ ಮೇಲೆ ಪ್ರಯೋಗಿಸಿದ್ದೇನೆ. ತರಕಾರಿಯವನ ತಕ್ಕಡಿಯ ಮೇಲೆ, ಬಸ್ಸಿನ ಬೋರ್ಡಿನ ಮೇಲೆ. ಒಬ್ಬನನ್ನು ಮಾತ್ರ ಬಿಟ್ಟಿದ್ದೆ.

ಯೋಚಿಸಿದಷ್ಟೂ ನೆನಪು ಚಂದ ಕಾಣುತ್ತಾ ಹೋಯಿತು. ಅದೇ ಅನುಮಾನ. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು ಅನ್ನುತ್ತೇನೆ. ಹಾಗಾದರೆ ಮುಖ ಕಂಡದ್ದು ಹೇಗೆ?

ಮರುದಿನ ಮೂಡಲಗಿ ಬಸ್ಸು ಹತ್ತಿದೆ.

ಅಲ್ಲಿ ಕಲ್ಲಪ್ಪ ಮಾಸ್ತರು ಎಂಬ ನಿವೃತ್ತ ಪಿ.ಟಿ. ಮಾಸ್ತರರಿದ್ದಾರೆ. ಆ ಟೂರ್ನಮೆಂಟಿನ ಸ್ಕೋರು ಬರೆದವರು. ಹಳೆಯ ವಹಿಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದಾರೆ. ನಾನು ಬಂದ ಕಾರಣ ಕೇಳಿ ಅವರಿಗೂ ಅನುಮಾನ ಬಂತು.

"ಮೂರು ವರ್ಷದ ಮ್ಯಾಲ ಈಗ್ಯಾಕ್ರಿ? ಪ್ರೊಟೆಸ್ಟ್ ಹಾಕಾವ್ರ ಅದೀರೇನು?"

"ಇಲ್ಲ ಮಾಸ್ತರ್. ನನ್ನ ನೆನಪು ಸರಿಯಿದೆಯೋ ಇಲ್ಲವೋ ನೋಡಬೇಕಾಗಿದೆ."

"ಅದಕ್ಕ ಡಾಕ್ಟರ್ ಕಡೆ ಹೋಗಬೇಕ್ರಿ," ಎನ್ನುತ್ತ ವಹಿ ತೆಗೆದರು. ಫೈನಲ್, ಐದನೇ ಸೆಟ್. ಅಂಕಗಳೆಲ್ಲ ನನ್ನ ನೆನಪಿನಂತೆಯೇ ಇದ್ದವು. ಎದೆ ಸ್ವಲ್ಪ ಉಬ್ಬಿತು. ಅಷ್ಟರಲ್ಲಿ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಸಾಲು ಕಂಡಿತು. ಎಂಟನೇ ಅಂಕದ ಎದುರು. 'ಗೋಕಾಕ 5. ಅಂಗಿ ಅದೇ, ಆಳು ಬೇರೆ.'

"ಇದೇನು ಮಾಸ್ತರ್?"

"ನಿಮ್ಮ ಟೀಮಿನ ಹಣೇಬಾರ. ಎಂಟ ಮಂದಿ ಬರ್ತಾರ, ಆರ ಅಂಗಿ ತರ್ತಾರ. ಒಬ್ಬಾಂವ ಹೊರಗ ಬಂದ್ರ ಅಲ್ಲೇ ಅಂಗಿ ಕಳದು ಒಳಗ ಹೋಗಾವಗ ಕೊಡ್ತಾನ. ನಾ ಏನ್ ಬರೀಬೇಕ್ರಿ? ನಂಬರ ಅದ ಐತಿ. ಅದಕ್ಕ ಅಂಚಿನ್ಯಾಗ ಬರದಿಟ್ನಿ."

ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು! ನಮ್ಮ ಟೀಮಿಗೆ ಆರೇ ಅಂಗಿ. ಆಡುವವರು ಆರು, ಅಂಗಿ ಯಾಕೆ ಎಂಟು ಎಂಬ ಜಾಣತನ. ಬೆವರಿನ ಅಂಗಿ ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವುದನ್ನು ನೂರು ಸಲ ನೋಡಿ ನಕ್ಕಿದ್ದೇನೆ. ಊರ ಟೂರ್ನಮೆಂಟಿನಲ್ಲಿ ಅಂಪೈರ್ ಕೂಡ ಕೇಳುವುದಿಲ್ಲ. ಸಾಕ್ಷಿ ಹೇಳುವಾಗ ಮಾತ್ರ ಅದು ನೆನಪಾಗಲಿಲ್ಲ.

"ಹಾಗಾದರೆ ಆಮೇಲೆ ಆಡಿದವನು ಯಾರು?"

"ನೆನಪಿಲ್ರಿ," ಎಂದರು ಮಾಸ್ತರು. ಎಷ್ಟು ಸುಲಭವಾಗಿ ಅಂದರು! ಆ ಪುಟದ ಫೋಟೋ ತೆಗೆದುಕೊಂಡು ಹೊರಟೆ.

ಗೋಕಾಕಕ್ಕೆ ಮರಳಿ ಅಲ್ಲಿಂದ ಫಾಲ್ಸಿಗೆ ಹೋದೆ. ಮಹಾದೇವ ಗಿರಣಿಯಲ್ಲಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನನ್ನು ಕಂಡು ಗಿರಣಿ ನಿಲ್ಲಿಸಿದ. ಆಮೇಲೆ ಏನೋ ನೆನೆಸಿಕೊಂಡವನಂತೆ ಮತ್ತೆ ಚಾಲೂ ಮಾಡಿದ. ಜೋಳ ಹಾಕುವುದು ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ.

"ಮಹಾದೇವ, ಮೂಡಲಗಿ ಫೈನಲಿನ ಕೊನೆಯ ಚೆಂಡು ನಿನ್ನದೇನು?"

"ನೀವ ನೋಡೀರಂತಲ್ರಿ ಸರ್. ಕಣ್ಣಾರೆ."

"ನೋಡಿದ್ದೇನೆ ಅಂದುಕೊಂಡಿದ್ದೆ."

ಅವನು ಕೈ ಒರೆಸಿಕೊಂಡ. "ಎಂಟನೇ ಪಾಯಿಂಟಿಗೆ ನನ್ನ ಕಾಲ ಹಿಡಕೊಂತು ಸರ್. ಅಂಗಿ ಕಳದ ಕೊಟ್ನಿ. ಟವೆಲ್ ಹೊಚ್ಚಿಕೊಂಡ ನಿಮ್ಮ ಬಾಜೂನ ಬಂದ ಕುಂತ್ನಿ. ನೀವು ಶೇಂಗಾ ಕೊಟ್ರಿ."

ಗಿರಣಿ ತಿರುಗುತ್ತಲೇ ಇತ್ತು. ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟಳು. ಅವನು ಕಪ್ಪು ಎತ್ತಿ ನನಗೆ ಕೊಟ್ಟ. ಬಲಗೈ ಕಿರುಬೆರಳು ಉಳಿದ ನಾಲ್ಕರ ಜೊತೆ ಜಗಳವಾಡಿ ಬೇರೆ ಮನೆ ಮಾಡಿದಂತೆ ದೂರ ನಿಂತಿತ್ತು. ಆ ಸಂದಿಯಿಂದಲೇ ನನ್ನ ಶೇಂಗಾ ಬಿದ್ದದ್ದು!

ಯೋಚಿಸಿ. ಅವನು ತಪ್ಪು ಮಾಡಿಲ್ಲ ಎನ್ನುವುದಕ್ಕೆ ಇಡೀ ಜಿಲ್ಲೆಯಲ್ಲಿ ಒಬ್ಬ ಒಳ್ಳೆಯ ಸಾಕ್ಷಿ ಇದ್ದರೆ ಅದು ನಾನು. ಅದೇ ನಾನು ಹೋಗಿ ಅವನ ವಿರುದ್ಧ ಹೇಳಿ ಬಂದಿದ್ದೆ.

"ಆ ಬೆಳಿಗ್ಗೆ ಅವರ ಕ್ಯಾಪ್ಟನ್ ಮನೆಯಲ್ಲಿ ಚಹಾ ಕುಡಿದದ್ದು?" ಎಂದು ಕೇಳಿದೆ. (ನನ್ನ ಸ್ವಭಾವ ನಿಮಗೆ ಗೊತ್ತು. ತಪ್ಪು ಒಪ್ಪಿಕೊಂಡ ಮೇಲೂ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ.)

"ಅಂವ ನನ್ನ ಹೆಂಡ್ತಿ ತಮ್ಮ ಸರ್. ಮೂಡಲಗಿಗೆ ಹೋಗಿ ಅವರ ಮನ್ಯಾಗ ಚಾ ಕುಡೀಲಾರದ ಬಂದ್ರ, ಈ ಮನ್ಯಾಗ ನನಗ ರೊಟ್ಟಿ ಯಾರ ಹಾಕ್ತಾರ?"

ಒಳಗಿನಿಂದ ಅವಳು ನಕ್ಕ ಸದ್ದು ಕೇಳಿತು. ಮಹಾದೇವ ನಗಲಿಲ್ಲ.

"ನಿನ್ನ ಅಂಗಿ ಯಾರಿಗೆ ಕೊಟ್ಟೆ?"

"ಅದ್ಯಾಕ ಸರ್. ಹೇಳಿದ್ರ ಅವನ ಹೆಸರ ಚಾದಂಗಡಿಗೆ ಬರತೈತಿ. ಒಂದ ಹೆಸರ ಸಾಲ್ದ ಆತೇನು?" ಬೀಸಿದ ಹಿಟ್ಟನ್ನು ಡಬ್ಬಿಗೆ ಸುರಿಯುತ್ತ ಹೇಳಿದ. "ಆರರಾಗ ಇಳಸ್ಲಿಲ್ಲ ಅಂದ್ರ ನಡೀತೈತಿ. ವಯಸ್ಸಾತು. ಆದ್ರ ಕಾಕಾನ ಮನಿ ಜ್ವಾಳದ ಡಬ್ಬಿ ಇವತ್ತ ಬರೂದಿತ್ತು, ಬರ್ಲಿಲ್ಲ ಸರ್. ಹದಿನೈದ ವರ್ಷದಾಗ ಬ್ಯಾರೆ ಗಿರಣಿಗೆ ಹೋಗಿದ್ದಿಲ್ಲ ಅದು."

ಚಹಾ ಆರಿಹೋಗಿತ್ತು. ಆದರೂ ಕುಡಿದೆ. ಅದೇ ತಪ್ಪಾಯಿತು.

ಮರುದಿನ ಈರಣ್ಣನ ಅಂಗಡಿಯಲ್ಲಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಅಂಗಿಯ ಕತೆ ಹೇಳಿದೆ. ವಹಿಯ ಫೋಟೋ ತೋರಿಸಿದೆ.

"ಮೂಡಲಗ್ಯಾವ್ರ ವಹಿ. ಅವರ ಗ್ರೌಂಡ, ಅವರ ಪೆನ್ಸಿಲ," ಎಂದ ಈರಣ್ಣ.

"ಸರ್," ಎಂದರು ಮಾರುತಿ ಕಾಕಾ, ಬಹಳ ಮೆತ್ತಗೆ. "ನಿನ್ನೆ ಮಹಾದೇವನ ಗಿರಣಿಗೆ ಹೋಗಿದ್ರಿ ಅಂತ?"

"ಹೌದು."

"ಚಾ ಕುಡದ್ರಿ?"

ಸುಳ್ಳು ಹೇಳಬೇಕಾಗಿತ್ತು. ಹೇಳಲಿಲ್ಲ.

"ಮೊನ್ನೆ ಸಾಕ್ಷಿ ಹೇಳೂ ಮುಂದ ಯಾರ ಮನ್ಯಾಗೂ ಚಾ ಕುಡದಿದ್ದಿಲ್ಲ ನೀವು. ಇವತ್ತ ಕುಡದ ಬಂದೀರಿ. ಯಾವ್ದ ಖರೆ ಅಂತ ತಿಳೀಬೇಕ್ರಿ ನಾವು?"

"ಬರೇ ಚಾನೋ, ಕರದಂಟಿನ ಡಬ್ಬೀನೂ ಕೊಟ್ನೋ?" ಎಂದ ಈರಣ್ಣ. ಎಲ್ಲರೂ ನಕ್ಕರು.

ರಾಜುವನ್ನು ನೇರವಾಗಿ ಕೇಳಿದೆ. ನೀನು ಅಲ್ಲೇ ಇದ್ದೆ, ನೀನೇ ಹೇಳು.

"ಮೂರು ವರ್ಷ ಆತಲ್ರಿ ಸರ್. ನೆನಪಿಲ್ಲ." ಕಣ್ಣು ಮೊಬೈಲ್ ಮೇಲೆ.

ನೋಡಿ ಈ ಲೋಕದ ನ್ಯಾಯ. ಅವನ ಮರೆವನ್ನು ಯಾರೂ ಅನುಮಾನಿಸಲಿಲ್ಲ. ನನ್ನ ತಪ್ಪು ನೆನಪನ್ನೂ ಯಾರೂ ಅನುಮಾನಿಸಿರಲಿಲ್ಲ. ಸರಿಯಾದ ನೆನಪು ಬಂದಾಗ ಮಾತ್ರ ಎಲ್ಲರ ಕಣ್ಣೂ ಕಿರಿದಾದವು. (ಅಂಗಿ ಯಾರ ಮೈಗೆ ಹೋಗಿತ್ತು ಎಂಬ ಬಗ್ಗೆ ನನಗೊಂದು ಅನುಮಾನವಿದೆ. ಬರೆಯುವುದಿಲ್ಲ. ಒಮ್ಮೆ ಸಾಕ್ಷಿ ಹೇಳಿ ಸಾಕಾಗಿದೆ.)

ಭಾನುವಾರ ಹುಕ್ಕೇರಿ. ಕಾಕಾ ಬರಲಿಲ್ಲ. "ಮಹಾದೇವ ಆಡಂಗಿಲ್ಲ ಅಂದ್ರ ನಾ ಯಾಕ ಬರ್ಲಿ?" ಎಂದರಂತೆ. ಅವನನ್ನು ಹೊರಗೆ ಕೂಡಿಸಿದ್ದೂ ಅವರೇ, ಅವನಿಲ್ಲದೆ ಆಟ ಬೇಡವಾದದ್ದೂ ಅವರಿಗೇ. ಅಭಿಮಾನಿ ಅಂದರೆ ಇದೇ ಇರಬೇಕು.

ಚಹಾದಂಗಡಿಯಿಂದ ಆಟ ನೋಡಲು ನಾನೊಬ್ಬನೇ ಹೋದೆ. ಶೇಂಗಾ ತೆಗೆದುಕೊಳ್ಳಲಿಲ್ಲ. ಬಿಸಿಲು ಬೆನ್ನಿಗಿರುವ ಕಡೆ ಕೂತೆ.

ಸಮೀರ ಚೆನ್ನಾಗಿಯೇ ಆಡಿದ. ಫೈನಲ್ ತಲುಪಿದೆವು. ಅಲ್ಲಿಯೂ ಐದನೇ ಸೆಟ್ಟು. ಹನ್ನೊಂದು-ಹನ್ನೊಂದು ಆಗಿದ್ದಾಗ ಹುಡುಗ ಹಾರಿ ಇಳಿದವನು ಪಾದ ಹಿಡಿದುಕೊಂಡು ಕೂತ. ರಾಜು ಆ ಕಡೆ ಈ ಕಡೆ ನೋಡಿದ. ಆಮೇಲೆ ನೋಡಲೇಬೇಕಾದ ಕಡೆ ನೋಡಿದ. ಸಮೀರ ಅಂಗಿ ಕಳಚಿ ಕೊಟ್ಟ. ಮಹಾದೇವ ಅದರಲ್ಲಿ ತಲೆ ತೂರಿಸಿದ. ಹುಡುಗನ ಅಂಗಿ, ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿ. ಐದನೇ ನಂಬರು.

ಕೊನೆಯ ಚೆಂಡು ಅವನ ಬಳಿಗೇ ಬಂತು. ತೇಲಿಬಿಡುತ್ತಾನೆ ಎಂದು ಎದುರಿನವರೆಲ್ಲ ಹಾರಿದರು. ಅವನು ತೇಲಿಬಿಡಲಿಲ್ಲ. ಬೆರಳ ತುದಿಯಿಂದ ಆಚೆ ದಾಟಿಸಿದ. ಮೂಡಲಗಿಯಲ್ಲಿ ಯಾರೋ ಮಾಡಲು ಹೋಗಿ ಕೆಡಿಸಿದ ಅದೇ ಹೊಡೆತ. ಚೆಂಡು ಬಿತ್ತು. ಗೆದ್ದೆವು. ನಾನು ಈ ಸಲ ಮುಖ ನೋಡಿದೆ, ಎರಡೆರಡು ಸಲ.

ಸೋಮವಾರ ಬೆಳಿಗ್ಗೆ ಈರಣ್ಣನ ಅಂಗಡಿಗೆ ಹೋದರೆ ಅಲ್ಲಿ ಹಬ್ಬ. ರಾಜು ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ್ದ. ಹಿಂದಿನಿಂದ ತೆಗೆದದ್ದು. ಮೇಲೆತ್ತಿದ ಎರಡು ಕೈ, ಚೆಂಡು, ಬೆನ್ನ ಮೇಲೆ ಬಿಳಿ ಐದು. ಕೆಳಗೆ 'ನಮ್ಮ ನಂಬರ್ 5!' ಎಂದಷ್ಟೇ ಬರೆದಿದ್ದ. ಬರೆದವನು ಮಾತ್ರ ಅವತ್ತು ಚಹಾಕ್ಕೆ ಬಂದಿರಲಿಲ್ಲ.

"ಸಮೀರ ಏನ್ ಆಡ್ಯಾನಲೇ! ನಾ ಹೇಳಿದ್ನಿಲ್ಲ?" ಎನ್ನುತ್ತಿದ್ದ ಈರಣ್ಣ.

"ಅದು ಸಮೀರ ಅಲ್ಲ. ಮಹಾದೇವ," ಎಂದೆ.

ಎಲ್ಲರೂ ಇನ್ನೊಮ್ಮೆ ಫೋಟೋ ನೋಡಿದರು. ಆಮೇಲೆ ಈರಣ್ಣ ಹೇಳಿದ, "ಸರ್, ಮಹಾದೇವನ ಮನಿ ಚಾ ಇನ್ನೂ ಇಳದಿಲ್ಲೇನ್ರಿ ನಿಮಗ?" ಅಂಗಡಿಗೆ ಅಂಗಡಿಯೇ ನಕ್ಕಿತು. ನಾನು ಹೇಳುವುದೆಲ್ಲ ಹೇಳಿಯಾಗಿತ್ತು. ನನ್ನ ಹತ್ತಿರ ಉಳಿದದ್ದು ಖರೆ ಒಂದೇ. ಅದಕ್ಕೆ ಗಿರಾಕಿ ಇರಲಿಲ್ಲ.

ಕಾಕಾ ನಗಲಿಲ್ಲ. "ಆ ಫೋನ ಇತ್ತ ಕೊಡಲೇ," ಎಂದರು.

ಕನ್ನಡಕ ಹಣೆಗೇರಿಸಿ ಫೋಟೋ ಕಣ್ಣ ಹತ್ತಿರ ತಂದರು. ಎರಡು ಬೆರಳಿಂದ ಹಿಗ್ಗಿಸಿದರು. ಬೆನ್ನನ್ನಲ್ಲ, ಮೇಲಿದ್ದ ಕೈಯನ್ನು. ಬಲಗೈಯ ಕಿರುಬೆರಳು ಗುಂಪಿನಿಂದ ಹೊರಗೆ ನಿಂತಿತ್ತು.

"ಇದಕ್ಕ ಪಟ್ಟಿ ಕಟ್ಟಿದಾಂವ ನಾ," ಎಂದರು. ಯಾರಿಗೂ ಹೇಳಿದಂತಿರಲಿಲ್ಲ.

ಆ ಫೋನನ್ನು ಮರಳಿ ಕೊಟ್ಟು, ತಮ್ಮ ಫೋನಿನಿಂದ ಮನೆಗೆ ಹಚ್ಚಿದರು. "ಜ್ವಾಳದ ಡಬ್ಬಿ ಯಾರ ಕಡೆ ಕೊಟ್ಟಿ? ಇಸ್ಕೊಂಡ ಬಾ. ಮಹಾದೇವನ ಗಿರಣಿಗೆ ಕಳಸು. ಈಗ ಅಂದ್ರ ಈಗ."

ಆಮೇಲೆ ನನ್ನ ಕಡೆ ತಿರುಗಿದರು.

"ಸರ್, ಅವತ್ತ ಮೂಡಲಗ್ಯಾಗ ನೀವು ನೋಡಿದ್ದ ಏನ್ರಿ? ಕೈಯೋ, ಬೆನ್ನೋ?"

"ಬೆನ್ನು ಕಾಕಾ."

ಅವರು ಉಳಿದ ಚಹಾ ಕುಡಿದು ಕಪ್ಪು ಕೆಳಗಿಟ್ಟರು.

"ಬೆನ್ನ ನೋಡಿ ಹೆಸರ ಹೇಳಾವ್ರಿಗೆ ಧಾರವಾಡದಾಗ ಎಂ.ಎ. ಕೊಡ್ತಾರೇನ್ರಿ?"